ಚೀಟಿ ಮೇಷ್ಟ್ರು

ಪಾವಗಡದ ಕಡೆಯ ವಳ್ಳೂರಿನಂಥ ಊರಲ್ಲಿ ನಿವೃತ್ತಿಯಾದ ಮೇಷ್ಟ್ರೊಬ್ಬರು ಇದ್ದೇ ಇರುತ್ತಾರೆ, ಅವರು ಊರಿನ ಇತಿಹಾಸ ಬರೆಯುತ್ತಲೇ ಇರುತ್ತಾರೆ. ಬರೆದು ಮುಗಿಸಿದವರನ್ನು ನಾನಿನ್ನೂ ನೋಡಿಲ್ಲ. ಇತಿಹಾಸಕ್ಕೆ ನೋಟ್‌ಬುಕ್ಕು ಬೇಕು ಅನ್ನುವುದು ನಮ್ಮ ನಿಮ್ಮ ಲೆಕ್ಕ. ಮೇಷ್ಟ್ರಿಗೆ ನೋಟ್‌ಬುಕ್ ಕಂಡರೆ ಆಗದು. ಮೂವತ್ತು ವರ್ಷ ಮಕ್ಕಳ ನೋಟ್ಸು ತಿದ್ದಿ ಬಂದ ವೈರಾಗ್ಯವಿರಬೇಕು. ಸಿಕ್ಕಿದ ಕಾಗದದ ಬೆನ್ನೇ ಅವರಿಗೆ ಗ್ರಂಥ: ಕಡಲೇಕಾಯಿ ಮಂಡಿಯ ಚೀಟಿ, ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಪಾವಗಡದ ಶನಿಮಹಾತ್ಮನ ಗುಡಿಯ ಸೇವಾ ರಸೀತಿ, ಮಾತ್ರೆ ಹಾಕಿಕೊಟ್ಟ ಕವರು. ಚೀಟಿ ಜಾಸ್ತಿಯಾದಂತೆ ಅದು ಜೇಬಿನಿಂದ ಗೂಡಿಗೆ, ಗೂಡಿನಿಂದ ದೇವರ ಪಟದ ಹಿಂದಕ್ಕೆ, ಅಲ್ಲಿಂದ ರಾಗಿ ಡಬ್ಬದ ಮುಚ್ಚಳದ ಮೇಲಕ್ಕೆ ಬಡ್ತಿ ಪಡೆಯುತ್ತದೆ.

ಕೇಳಿದರೆ ಅವರ ಹತ್ತಿರ ಜವಾಬು ಸಿದ್ಧ. "ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಏನು ಆಕಾಶದಿಂದ ಉದುರಿತಾ? ಅದೂ ಚೀಟಿಯಿಂದ್ಲೇ ಆಗಿದ್ದು. ಮೊದಲ ಸಂಪುಟ 1970ರಲ್ಲಿ, ಎಂಟನೇದು 1995ರಲ್ಲಿ. ನನಗೆ ಏನು ಅವಸರ?" ಬಿ.ಎಲ್. ರೈಸ್ 1904ರಲ್ಲೇ ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ 'ಎಪಿಗ್ರಾಫಿಯಾ ಕರ್ನಾಟಿಕ'ದ 12ನೇ ಸಂಪುಟವಾಗಿ ಅಚ್ಚು ಹಾಕಿಸಿದನಲ್ಲ, ಪಾವಗಡದ ಶಾಸನಗಳೂ ಅದರಲ್ಲೇ ಇವೆಯಲ್ಲ ಎಂದರೆ, "ರೈಸ್ ಸಾಹೇಬ್ರಿಗೆ ಗುಮಾಸ್ತರಿದ್ರು, ನನಗ್ಯಾರಿದ್ದಾರೆ?" ಎಂದು ಅಡುಗೆಮನೆ ಕಡೆ ನೋಡುತ್ತಾರೆ. ಅಡುಗೆಮನೆ ಮಾತಾಡುವುದಿಲ್ಲ. ಪಾತ್ರೆ ಮಾತ್ರ ಸ್ವಲ್ಪ ಜೋರಾಗಿ ಸದ್ದು ಮಾಡುತ್ತದೆ.

ಚೀಟಿ ಜೋಡಿಸುವ ಕಾರ್ಯಕ್ಕೆ ಮುಹೂರ್ತ ಕೂಡಿಬರುವುದೇ ಕಷ್ಟ. ನಡುಮನೆಯಲ್ಲಿ ಹರಡಬೇಕೆಂದರೆ ಫ್ಯಾನು ಆರಿಸಬೇಕು. ಪಾವಗಡದ ಬಿಸಿಲಲ್ಲಿ ಫ್ಯಾನು ಆರಿಸುವ ಇತಿಹಾಸಕಾರ ಇನ್ನೂ ಹುಟ್ಟಿಲ್ಲ. ಆಷಾಢದಲ್ಲಿ ಸೆಕೆ ಕಮ್ಮಿ, ಆದರೆ ಗಾಳಿ. ಹೀಗಾಗಿ ಮೇಷ್ಟ್ರು ಕರೆಂಟು ಹೋಗುವುದನ್ನೇ ಕಾಯುತ್ತಾರೆ. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಹಾಸಿದ್ದಾರೆ. ಅದರ ಪಕ್ಕದಲ್ಲೇ ಕೂತು ಕರೆಂಟು ಹೋಗಲಿ ಎಂದು ಹರಕೆ ಹೊರುವ ಮನುಷ್ಯ ಇವರೊಬ್ಬರೇ ಇರಬೇಕು.

ಹೋಯಿತು ಅನ್ನಿ. ಪಂಚೆ ಎತ್ತಿ ಕಟ್ಟಿ ಕೂತರು. ಒಂದೊಂದು ಗುಡ್ಡೆಯ ಮೇಲೂ ಒಂದೊಂದು ಭಾರ: ಪಾವು, ಚಟಾಕು, ಒರಳಿನ ಗುಂಡುಕಲ್ಲು. ಗುಂಡುಕಲ್ಲು 'ನಿಡಗಲ್ಲು ಪಾಳೇಗಾರರು' ಗುಡ್ಡೆಯ ಮೇಲಿದ್ದಷ್ಟು ದಿನ ಆ ಮನೆಯಲ್ಲಿ ಚಟ್ನಿಯಿಲ್ಲ. ಮೊದಲ ಚೀಟಿ ತೆಗೆದರು. "ಬಹಳ ಮುಖ್ಯ, ಮರೆಯಬಾರದು" ಎಂದಿದೆ, ಕೆಳಗೆ ಎರಡು ಗೆರೆ. ಯಾವುದು ಎಂದು ಮಾತ್ರ ಬರೆದಿಲ್ಲ. ಎರಡನೆಯದು: "ವೀರಗಲ್ಲಿನ ವಿವರಕ್ಕೆ ಹಸಿರು ಚೀಟಿ ನೋಡಿ." ಹಸಿರು ಚೀಟಿ ಹುಡುಕುವಷ್ಟರಲ್ಲಿ ಅರ್ಧ ಗಂಟೆ. ಸಿಕ್ಕಿತು: "ವೀರಗಲ್ಲು, ಈಗಾಗಲೇ ಬರೆದಿದೆ." ರಜಕ್ಕೆ ಬಂದ ಮೊಮ್ಮಗ "ತಾತ, ಎಲ್ಲಾ ಫೋಟೋ ಹೊಡೆದು ಮೊಬೈಲಲ್ಲಿ ಇಟ್ಕೋ" ಎಂದ. ಆ ಮಾತಿನಿಂದ ಆದ ಪ್ರಯೋಜನ ಇಷ್ಟೇ: ಯಾವ ಫೋಟೋದಲ್ಲಿ ಯಾವ ಚೀಟಿಯಿದೆ ಎಂಬ ಚೀಟಿಗಳು ಹೊಸದಾಗಿ ಸೇರಿಕೊಂಡವು.

ಅಸಲು ತೊಡಕು ಬೇರೆ. ಚೀಟಿಗೆ ಎರಡು ಮುಖ. ಒಂದು ಕಡೆ ಊರಿನ ಕೆರೆ ಕಟ್ಟಿಸಿದವರ ವಿಷಯ, ಇನ್ನೊಂದು ಕಡೆ ಗೊಬ್ಬರದ ಅಂಗಡಿಯ ಸಾಲ. ಕೆರೆಗೆ ಸೇರಿಸಿದರೆ ಸಾಲ ಕಳೆಯಿತು, ಸಾಲಕ್ಕೆ ಸೇರಿಸಿದರೆ ಕೆರೆ ಬತ್ತಿತು. ಕೊನೆಗೆ 'ಎರಡೂ ಕಡೆ' ಅಂತ ಒಂದು ಗುಡ್ಡೆ ಮಾಡಿದರು. ಅದೇ ಮಿಕ್ಕೆಲ್ಲ ಗುಡ್ಡೆಗಳನ್ನು ನುಂಗಿತು.

ಆದರೂ ಒಂದು ಕಾಲದಲ್ಲಿ ಮೇಷ್ಟ್ರ ಜಗಲಿ ತುಂಬಿತ್ತು. ಸೋಲಾರ್‌ಗೆ ಜಮೀನು ಗುತ್ತಿಗೆ ಕೊಡುವ ಕಾಲ. ಎಕರೆಗೆ ವರ್ಷಕ್ಕೆ 21 ಸಾವಿರ ಎಂದಾಗ, ಬೀಳುಬಿದ್ದ ಹೊಲವೆಲ್ಲ ಒಮ್ಮೆಗೇ ಪಿತ್ರಾರ್ಜಿತವಾಯಿತು. ಪಹಣಿ ಇನ್ನೂ ಸತ್ತ ತಾತನ ಹೆಸರಲ್ಲೇ. ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ತಾತನಿಗೆ ಮಕ್ಕಳೆಷ್ಟು, ದೊಡ್ಡೋರ್ಯಾರು, ಚಿಕ್ಕೋರ್ಯಾರು? ಕರೆಂಟು ಹೋಗಿದ್ದ ಹೊತ್ತಲ್ಲಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಜಗಳವಾಡುತ್ತಲೇ ಅಣ್ಣತಮ್ಮಂದಿರು ಬಂದರು. "ಮೇಷ್ಟ್ರೇ, ನಮ್ಮಪ್ಪ ಹೇಳಿದ್ದನ್ನ ನೀವು ಬರ್ಕೊಂಡಿದ್ರಂತಲ್ಲ?"

"ಇದೆ, ಇದೆ" ಎಂದರು ಮೇಷ್ಟ್ರು. ಇತ್ತು ಕೂಡ. ಪಟದ ಹಿಂದೆ ಇರಲಿಲ್ಲ, ರಾಗಿ ಡಬ್ಬದ ಮೇಲಿರಲಿಲ್ಲ. ಅಮ್ಮಾವ್ರು ಒಳಗಿಂದಲೇ, "ಅವರ ಮನೆ ಮದುವೆ ಊಟ ಮುಗಿಸ್ಕೊಂಡು ಬಂದಾಗ ಬರೆದದ್ದು, ಕೊಡೆ ನೇತಾಕೋ ಮೊಳೆಗೆ ಚುಚ್ಚಿದೀರ" ಎಂದರು. ಸಿಕ್ಕಿತು. ಲಗ್ನಪತ್ರಿಕೆಯ ಬೆನ್ನ ಮೇಲೆ ಮೇಷ್ಟ್ರ ಅಕ್ಷರ. ಎಣ್ಣೆ ತಾಗಿ ಮಸುಕಾಗಿಹೋಗಿದೆ, 'ಮೂವರು' ಎಂದೋ 'ಮೂಲವರು' ಎಂದೋ ತಿಳಿಯದು. ಮೇಷ್ಟ್ರು ಕನ್ನಡಕ ಏರಿಸಿ ಇಳಿಸಿದರು. ತಮ್ಮ ಸುಮ್ಮನೆ ಕಾಗದ ತಿರುವಿದ. ಮುಂದುಗಡೆ ಕೆಂಪು ಅಚ್ಚಿನಲ್ಲಿ 'ಸುಖಾಗಮನ ಬಯಸುವವರು': ತಾತ, ಅವನ ಮಕ್ಕಳು, ಅವರ ಮಕ್ಕಳು, ಹಿರಿತನದ ಪ್ರಕಾರ, ಒಬ್ಬರೂ ಬಿಟ್ಟಿಲ್ಲ. ಬಿಟ್ಟಿದ್ದರೆ ಮದುವೆಯಲ್ಲೇ ತಲೆ ಒಡೆದುಕೊಳ್ಳುತ್ತಿದ್ದರು.

ಅಣ್ಣತಮ್ಮಂದಿರು ಪತ್ರಿಕೆಯನ್ನು ಮಡಿಸಿ ಜೇಬಿಗಿಟ್ಟು, ಕೈಮುಗಿದು ಹೊರಟರು.

"ರೀ, ಹಿಂದೆ ನೀವು ಬರ್ದಿದ್ದೂ ಹೋಯ್ತಲ್ಲ!" ಎಂದರು ಅಮ್ಮಾವ್ರು.

ಮೇಷ್ಟ್ರು ಆಗಲೇ ಕಾಗದ ಹುಡುಕುತ್ತಿದ್ದರು. ಹಾಲಿನ ಲೆಕ್ಕದ ಚೀಟಿ ಸಿಕ್ಕಿತು. ಅದರ ಬೆನ್ನ ಮೇಲೆ, "ವಂಶದ ಚೀಟಿ ಒಯ್ದವರು" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಮೊಳೆಗೆ ಚುಚ್ಚಿದರು. ಒಯ್ದವರು ಯಾರು ಎಂದು ಬರೆಯುವಷ್ಟರಲ್ಲಿ ಕರೆಂಟು ಬಂತು.