ಪಕ್ಕದ ಸೀಟಿನ ಬ್ರೇಕು

ಮೋಟಾರು ಗಾಡಿಯಲ್ಲಿ ಚಾಲಕನ ಎಡಗಡೆಯ ಆಸನದಲ್ಲಿ ವಿರಾಜಮಾನರಾಗಿ, ಎದುರಿಗೆ ಒಂದು ಹಸುವೋ, ಒಂದು ಆಟೋರಿಕ್ಷವೋ, ಏನೂ ಇಲ್ಲದಿದ್ದರೆ ಕೇವಲ ಒಂದು ತಿರುವೋ ದೃಗ್ಗೋಚರವಾದೊಡನೆಯೇ ತಮ್ಮ ಬಲಗಾಲಿನಿಂದ ನೆಲವನ್ನು ಬಲವಾಗಿ ಒತ್ತಿ, ಗಾಡಿಯು ನಿಧಾನವಾದರೆ ಅದು ತಮ್ಮ ಪಾದಪ್ರಭಾವದಿಂದಲೇ ಆಯಿತೆಂಬ ಸಂತೃಪ್ತಿಯಿಂದ ನಿಡುಸುಯ್ಯುವ ಒಂದು ವರ್ಗದ ಸಜ್ಜನರನ್ನು ವಾಚಕರು ಕಂಡೇ ಇರುತ್ತಾರೆ. ನಮ್ಮ ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ಈ ವರ್ಗದ ಮುಕುಟಮಣಿ ಎನ್ನತಕ್ಕವರು ರಾಯರು. ನನ್ನ ಹಳೆಯ ಮಾರುತಿ ಕಾರಿನ ಎಡಬದಿಯ ರಬ್ಬರ್ ಮ್ಯಾಟಿನ ಮೇಲೆ, ಹೆಬ್ಬೆರಳಿನ ಬುಡ ಊರುವ ಸ್ಥಳದಲ್ಲಿ, ನಾಲ್ಕಾಣೆಯಗಲದ ಒಂದು ಕುಳಿ ಬಿದ್ದಿದೆ. ಚಾಲಕನ ಪೆಡಲು ಹೊಸದರಂತಿರುವಾಗ ಈ ಮ್ಯಾಟು ಮಾತ್ರ ಸವೆದದ್ದು ಹೇಗೆಂದು ಮೆಕ್ಯಾನಿಕ್ಕು ಆಶ್ಚರ್ಯಪಟ್ಟು ಕೇಳಿದಾಗ, ಅದು ರಾಯರ ಸೇವಾರ್ಥವೆಂದು ನಾನು ಹೇಳಬೇಕಾಯಿತು.

ರಾಯರಿಗೆ ಕಾರು ನಡೆಸಲು ಬಾರದು. ಅವರ ವಾಹನವೆಂದರೆ ಒಂದು ಕರಿಯ ಸೈಕಲ್ಲು. ಆದರೆ ನಡೆಸಲು ಬಾರದಿರುವುದು ನಿಲ್ಲಿಸುವ ವಿದ್ಯೆಗೆ ಬಾಧಕವಲ್ಲವೆಂಬುದು ಅವರ ಜೀವನದುದ್ದಕ್ಕೂ ಸಿದ್ಧವಾದ ಸಂಗತಿ. ಮೈಸೂರು ಸರ್ಕಾರವು 1918ರಲ್ಲಿ ಕೈಗೊಂಡು, 1923ರಲ್ಲಿ ಕಾಡಿನ ಸೌದೆಯ ಇದ್ದಿಲಿನಿಂದ ಕುಲುಮೆ ಹೊತ್ತಿಸಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಧರಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಸ್ಟೋರ್ಸ್ ವಿಭಾಗದ ಮೇಜೊಂದರ ಹಿಂದೆ ಕುಳಿತು ನಿವೃತ್ತರಾದವರು ಅವರು. ಮೂರು ಕೊಟೇಶನ್ನು ತರಿಸದೆ, ಉದ್ದಗಲ ಗೆರೆ ಎಳೆದು ತುಲನಾ ತಃಖ್ತೆ ಬರೆಯದೆ, ಒಂದು ಬೋಲ್ಟನ್ನು ಸಹ ಒಳಗೆ ಬಿಡಕೂಡದೆಂಬ ಆ ಮೇಜಿನ ಧರ್ಮವನ್ನು ಅವರು ನಿವೃತ್ತಿಯ ದಿನ ಹಾರ ತುರಾಯಿಗಳೊಡನೆ ಮನೆಗೂ ತಂದರು. ಮನೆಗೆ ಒಂದು ಮಿಕ್ಸಿ ಕೊಳ್ಳುವ ತಃಖ್ತೆ ಹದಿನಾಲ್ಕು ತಿಂಗಳು ನಡೆಯಿತು; ಅಷ್ಟರಲ್ಲಿ ಅವರ ಶ್ರೀಮತಿಯವರು ಒರಳುಕಲ್ಲಿನೊಂದಿಗೆ ಶಾಶ್ವತವಾದ ಸಂಧಾನ ಮಾಡಿಕೊಂಡಿದ್ದರು. ಮಗಳ ವಿವಾಹಕ್ಕೆಂದು ಏಳು ವರರ ತಃಖ್ತೆಯನ್ನು ಸಿದ್ಧಪಡಿಸುತ್ತಿರುವಾಗಲೇ ಆ ಹುಡುಗಿ ತನ್ನ ಜೊತೆಯಲ್ಲಿ ಓದಿದವನೊಬ್ಬನನ್ನು ಮನೆಗೆ ಕರೆತಂದು ನಿಲ್ಲಿಸಲಾಗಿ, ರಾಯರು ಕನ್ನಡಕವನ್ನು ಹಣೆಗೇರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಃಖ್ತೆಯ ಕೊನೆಯಲ್ಲಿ ‘ಸಿಂಗಲ್ ಟೆಂಡರ್, ವಿಶೇಷ ಪರಿಸ್ಥಿತಿಯಲ್ಲಿ ಒಪ್ಪಿದೆ’ ಎಂದು ಷರಾ ಬರೆದು ಸಹಿ ಹಾಕಿದರೆಂದು ಓಣಿಯಲ್ಲಿ ಪ್ರತೀತಿ.

ಇಂಥ ರಾಯರಿಗೆ ಕಳೆದ ಸಂಕ್ರಾಂತಿಯ ದಿನ, ಎಳ್ಳು ಬೀರಿ ಮುಗಿಯುವ ಹೊತ್ತಿಗೆ, ಅಮೆರಿಕದ ಡೆನ್ವರಿನಲ್ಲಿರುವ ಮಗರಾಯನಿಂದ ಒಂದು ವಾರ್ತೆ ಬಂದಿತು. ಆತನು ಮೋಟಾರ್‌ಹೋಮ್ ಎಂಬುದೊಂದನ್ನು ಕೊಂಡಿದ್ದನು. ಅದು ಬಸ್ಸೂ ಹೌದು, ಮನೆಯೂ ಹೌದು. ಒಳಗೆ ಮಂಚ, ಒಲೆ, ಬಚ್ಚಲು, ಊಟದ ಮೇಜು ಎಲ್ಲವೂ ಉಂಟು. ತೂಕ ಹತ್ತು ಟನ್ನಿನ ಆಸುಪಾಸು. ಇಂಥ ಮನೆಯನ್ನು ಯಾವುದೋ ಕಾಡಿನಂಚಿನಲ್ಲಿ ನಿಲ್ಲಿಸಿ, ನೀರಿನ ಕೊಳವೆ ವಿದ್ಯುತ್ತಿನ ತಂತಿಗಳನ್ನು ಜೋಡಿಸಿಕೊಂಡ ಮೇಲೆ, ಕೊತ್ತಂಬರಿ ಸೊಪ್ಪು ತರಬೇಕೆಂದರೆ ಮನೆಯನ್ನೇ ಹೂಡಿಕೊಂಡು ಹೋಗುವುದು ಕಷ್ಟವಷ್ಟೆ? ಆದುದರಿಂದ ಆ ದೇಶದವರು ತಮ್ಮ ಕಾರನ್ನು ಮನೆಯ ಹಿಂದೆ ಒಂದು ಕಬ್ಬಿಣದ ಕವೆಗೋಲಿಗೆ ಸಿಕ್ಕಿಸಿ, ಅದರ ನಾಲ್ಕೂ ಗಾಲಿಗಳ ಮೇಲೆಯೇ ಉರುಳಿಸಿಕೊಂಡು, ಎಮ್ಮೆಯ ಹಿಂದೆ ಕರು ಬಂದಂತೆ ಎಳೆದೊಯ್ಯುತ್ತಾರೆ. ಮಗನು ಇದನ್ನೆಲ್ಲ ಉತ್ಸಾಹದಿಂದ ವರ್ಣಿಸುತ್ತಿರುವಾಗ ರಾಯರು ಕೇಳಿದ ಪ್ರಶ್ನೆ ಒಂದೇ:

“ಅದೆಲ್ಲ ಸರಿ ಕಣೋ. ಹಿಂದಿನ ಕಾರಲ್ಲಿ ಬ್ರೇಕ್ ಒತ್ತೋರು ಯಾರು?”

ಪ್ರಶ್ನೆ ಹಾಸ್ಯಾಸ್ಪದವೆಂದು ತಿಳಿಯಬಾರದು. ನಮ್ಮಲ್ಲಿ ಕೆಟ್ಟು ನಿಂತ ಕಾರನ್ನು ಹಗ್ಗ ಕಟ್ಟಿ ಆಟೋ ಕಾಂಪ್ಲೆಕ್ಸಿಗೆ ಎಳೆದೊಯ್ಯುವಾಗ ಹಿಂದಿನ ಗಾಡಿಯಲ್ಲಿ ಒಬ್ಬ ಹುಡುಗ ಸ್ಟಿಯರಿಂಗ್ ಹಿಡಿದು ಕುಳಿತೇ ಇರುತ್ತಾನೆ. ಮುಂದಿನ ಗಾಡಿಯ ಕೆಂಪು ದೀಪ ಹತ್ತಿದ ಕ್ಷಣ ಅವನ ಕಾಲು ಕೆಲಸಮಾಡದಿದ್ದರೆ ಎರಡು ಗಾಡಿಗಳೂ ಒಂದಾಗುತ್ತವೆ. ನಮ್ಮ 1989ರ ರಸ್ತೆ ನಿಯಮಗಳು ಇಂಥ ಎಳೆತಕ್ಕೆ ಗಂಟೆಗೆ 24 ಕಿಲೋಮೀಟರಿನ ವೇಗಮಿತಿಯನ್ನೂ, ಎರಡು ಗಾಡಿಗಳ ನಡುವೆ ಐದು ಮೀಟರಿನ ಅಂತರಮಿತಿಯನ್ನೂ ವಿಧಿಸಿದ್ದವು. ಅಮೆರಿಕದಲ್ಲಾದರೋ ಹಿಂದಿನ ಕಾರಿನಲ್ಲಿ ನರಪಿಳ್ಳೆಯೂ ಇಲ್ಲ. ವೇಗ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರು. ರಾಯರು ಒಂದು ಲಗ್ನಪತ್ರಿಕೆಯ ಬೆನ್ನಿನ ಮೇಲೆ ಲೆಕ್ಕ ಹಾಕಿ ನನಗೆ ತೋರಿಸಿದರು: ವೇಗ ನಾಲ್ಕು ಪಟ್ಟಾದರೆ ಚಲನಶಕ್ತಿ ಹದಿನಾರು ಪಟ್ಟಾಗುತ್ತದೆ, ಒಂದೂವರೆ ಟನ್ನಿನ ಆ ಕಾರು ನಮ್ಮ ಹುಡುಗ ಹಗ್ಗದಲ್ಲಿ ಎಳೆಸಿಕೊಳ್ಳುವ ಕಾರಿಗಿಂತ ಹದಿನಾರು ಪಾಲು ರಭಸದಿಂದ ಮನೆಯ ಬೆನ್ನಿಗೆ ಗುದ್ದುವುದಕ್ಕೆ ಹಾತೊರೆಯುತ್ತಿರುತ್ತದೆ. “ಬ್ರೇಕ್ ಹಾಕೋನು ನನ್ನ ಮಗ. ತಳ್ಳೋದು ಹಿಂದಿನ ಕಾರು. ಮಧ್ಯದಲ್ಲಿ ಒಂದು ಕವೆಗೋಲು. ಯೋಚನೆ ಮಾಡಿ ಮಾರಾಯ್ರೆ!” ಎಂದರು. ಅಲ್ಲಿನ ಅನೇಕ ರಾಜ್ಯಗಳಲ್ಲಿ ಎಳೆಯಲ್ಪಡುವ ಗಾಡಿ 3,000 ಪೌಂಡು, ಅಂದರೆ 1,360 ಕಿಲೋ ಮೀರಿದರೆ ಅದಕ್ಕೆ ಪ್ರತ್ಯೇಕ ಬ್ರೇಕು ಇರತಕ್ಕದ್ದೆಂಬ ಕಾನೂನೂ ಉಂಟೆಂದು ತಿಳಿದಮೇಲೆ ಅವರ ಮುಖದಲ್ಲಿ, ಬಹುಕಾಲದಿಂದ ಕಳೆದುಹೋಗಿದ್ದ ಕಡತವೊಂದು ಮೇಜಿಗೆ ಮರಳಿಬಂದಾಗಿನ ಕಾಂತಿ ಮೂಡಿತು. ಮಗನು ಬೇಡವೆನ್ನುವ ಮೊದಲೇ ಬ್ರೇಕನ್ನು ಆರಿಸುವ ಹೊಣೆಯನ್ನು ಅವರು ವಹಿಸಿಕೊಂಡಾಗಿತ್ತು.

ತಃಖ್ತೆ ಆರಂಭವಾಯಿತು. ಮೊದಲನೆಯ ಕಲಮಿನಲ್ಲಿ ‘ಪೆಟ್ಟಿಗೆ’. ಬ್ರೇಕ್ ಬಡಿ ಮೊದಲಾದವು ಈ ಜಾತಿಯವು. ಸಣ್ಣ ಟ್ರಂಕಿನ ಗಾತ್ರದ ಈ ಯಂತ್ರವನ್ನು ಹಿಂದಿನ ಕಾರಿನ ಚಾಲಕನ ಕಾಲಿಡುವ ಜಾಗದಲ್ಲಿ ಕೂರಿಸಿ, ಸೀಟಿಗೆ ಬೆನ್ನು ಕೊಡಿಸಿ, ಅದರ ಲೋಹದ ತೋಳನ್ನು ಬ್ರೇಕ್ ಪೆಡಲಿಗೆ ಕಚ್ಚಿಸಿ, ಸಿಗರೇಟು ಹೊತ್ತಿಸುವ ರಂಧ್ರದಿಂದ ವಿದ್ಯುತ್ತು ಕೊಟ್ಟರೆ ಸಾಕು. ಮುಂದಿನ ಗಾಡಿಯ ವೇಗ ತಗ್ಗಿದ್ದನ್ನು ಅದು ತನ್ನೊಳಗಿನ ತೂಕದ ಓಲಾಟದಿಂದಲೇ ಗ್ರಹಿಸಿ, ತೋಳನ್ನು ಚಾಚಿ ಪೆಡಲನ್ನು ಒತ್ತುತ್ತದೆ. ಈ ವಿವರವನ್ನು ಕೇಳುತ್ತಿದ್ದಂತೆ ನನಗೆ ಏನೋ ಪರಿಚಿತವಾದದ್ದನ್ನು ಕೇಳಿದಂತೆ ಭಾಸವಾಯಿತು. ಚಾಲಕನಲ್ಲ, ಸ್ಟಿಯರಿಂಗಿನ ಹಂಗಿಲ್ಲ, ಹೋಗುವ ಊರು ಯಾವುದೆಂದು ಗೊತ್ತಿಲ್ಲ. ಗಾಡಿ ಸ್ವಲ್ಪ ಮುಂದಕ್ಕೆ ಜಗ್ಗಿದರೆ ಸಾಕು, ಎದುರಿಗಿರುವುದು ಹಸುವೋ ತಿರುವೋ ಎಂದು ವಿಚಾರಿಸದೆ ಒತ್ತುವುದೊಂದೇ ವ್ರತ. ನನ್ನ ಮಾರುತಿಯ ಮ್ಯಾಟು ನೆನಪಾಯಿತು. ಹೇಳಲಿಲ್ಲ.

ರಾಯರು ಮಾತ್ರ ಈ ಪೆಟ್ಟಿಗೆಯನ್ನು ಅತಿಶಯವಾಗಿ ಸಂದೇಹಿಸಿದರು. ಸಂದೇಹಕ್ಕೆ ಕಾರಣವಿಲ್ಲದಿಲ್ಲ. ಎಂಜಿನ್ನು ನಡೆಯದ ಕಾರಿನ ಬ್ರೇಕಿಗೆ ನಿರ್ವಾತದ ಸಹಾಯ ಎರಡು ಮೂರು ಒತ್ತುಗಳವರೆಗೆ ಮಾತ್ರ ಇರುತ್ತದೆ, ಆಮೇಲೆ ಪೆಡಲು ಕಲ್ಲಾಗುತ್ತದೆ. ಆ ಉಳಿಕೆಯ ಬಲ ಮೊದಲ ಸಲ ಅತಿಯಾಗಿ ಹಿಡಿಯದಿರಲೆಂದೇ ಪೆಟ್ಟಿಗೆ ಕೂರಿಸುವ ಮುನ್ನ ಪೆಡಲನ್ನು ನಾಲ್ಕಾರು ಬಾರಿ ತುಳಿದು ಬರಿದು ಮಾಡಬೇಕು. ಅದಲ್ಲದೆ, ಏನಾದರೊಂದು ಕಾರಣದಿಂದ ಪೆಟ್ಟಿಗೆ ಪೆಡಲನ್ನು ಒತ್ತಿಯೇ ಉಳಿದರೆ, ಹತ್ತು ಟನ್ನಿನ ಮನೆಯಲ್ಲಿ ಕುಳಿತವನಿಗೆ ಹಿಂದಿನ ಕಾರಿನ ಬ್ರೇಕು ಕಾದು ಹೊಗೆಯಾಡುವವರೆಗೂ ಸುಳಿವು ಸಿಗದಿರಬಹುದು. ಎರಡನೆಯ ಕಲಮಿನಲ್ಲಿ ‘ಅಂತರ್ಧಾನ’: ಇನ್‌ವಿಸಿಬ್ರೇಕ್ ಎಂಬುದು ಸೀಟಿನ ಕೆಳಗೋ ಡಿಕ್ಕಿಯಲ್ಲೋ ಅಡಗಿ ಕುಳಿತು, ಒಂದು ಕೇಬಲ್ಲಿನಿಂದ ಪೆಡಲನ್ನು ಸೆಳೆಯತಕ್ಕದ್ದು; ಒಮ್ಮೆ ಕೂರಿಸಿದರೆ ಆ ಕಾರಿಗೇ ಮೀಸಲು. ಮೂರನೆಯದು ಏರ್ ಫೋರ್ಸ್ ಒನ್. ಅಮೆರಿಕದ ಅಧ್ಯಕ್ಷರ ವಿಮಾನದ ಹೆಸರಿಟ್ಟುಕೊಂಡ ಇದು, ಗಾಳಿಯ ಬ್ರೇಕುಳ್ಳ ದೊಡ್ಡ ಗಾಡಿಯಿಂದ ಅದೇ ಗಾಳಿಯನ್ನು ಹಿಂದಿನ ಕಾರಿಗೂ ಹಂಚುತ್ತದೆ. ನಾಲ್ಕನೆಯದು ರೆಡಿಬ್ರೇಕ್, ಇದಕ್ಕೆ ವಿದ್ಯುತ್ತೂ ಬೇಡ, ಗಾಳಿಯೂ ಬೇಡ, ಹಿಂದಿನ ಕಾರು ಮುಂದಕ್ಕೆ ಒತ್ತಿದ ರಭಸವೇ ಒಂದು ಸನ್ನೆಯನ್ನು ತಿರುಗಿಸಿ, ಉಕ್ಕಿನ ತಂತಿಯ ಮೂಲಕ ಅದೇ ಕಾರಿನ ಪೆಡಲನ್ನು ಎಳೆಯುತ್ತದೆ. ತಳ್ಳಿದವನ ತಳ್ಳಾಟವೇ ಅವನನ್ನು ಹಿಡಿದು ನಿಲ್ಲಿಸುವ ಈ ಏರ್ಪಾಡು ನನಗೆ ಬಹಳ ಇಷ್ಟವಾಯಿತು. ನನ್ನನ್ನು ಕೇಳಿದ್ದರೆ, ಕಾರು ಆಗಾಗ್ಗೆ ಬದಲಾಯಿಸುವವನು ಪೆಟ್ಟಿಗೆಯನ್ನೂ, ಒಂದೇ ಕಾರನ್ನು ಸದಾ ಎಳೆಯುವವನು ಸ್ಥಾವರವಾದದ್ದನ್ನೂ ಕೊಳ್ಳಲೆಂದು ಎರಡು ನಿಮಿಷದಲ್ಲಿ ಹೇಳಿ ಕಾಫಿಗೆ ಏಳುತ್ತಿದ್ದೆ. ಯಾರೂ ಕೇಳಲಿಲ್ಲ.

ಕೊಂಡಿ ತುಂಡಾಗಿ ಕಾರು ಬೇರೆಯಾದರೆ ಏನು ಗತಿ ಎಂಬ ಕಲಮಿಗೆ ಬಂದಾಗ ರಾಯರ ಪಾಂಡಿತ್ಯಕ್ಕೆ ಪೂರ್ಣಾವಕಾಶ ದೊರೆಯಿತು. ಇಂಥ ವ್ಯವಸ್ಥೆಗಳಲ್ಲಿ ಎರಡು ಗಾಡಿಗಳ ನಡುವೆ ಒಂದು ಸಣ್ಣ ತಂತಿ ಇರುತ್ತದೆ; ಕಾರು ಕಳಚಿಕೊಂಡಿತೆಂದರೆ ತಂತಿಯು ಒಂದು ಗೂಟವನ್ನು ಕಿತ್ತು, ಬ್ರೇಕು ತಾನಾಗಿ ಹಿಡಿಯುತ್ತದೆ. ರಾಯರು ಇದನ್ನು ಕೇಳಿದವರೇ 1869ರ ವೆಸ್ಟಿಂಗ್‌ಹೌಸನ ಬಳಿಗೆ ಹೋದರು. ಆ ಪುಣ್ಯಾತ್ಮನು ಮೊದಲು ಪೇಟೆಂಟ್ ಪಡೆದ ರೈಲಿನ ಬ್ರೇಕಿನಲ್ಲಿ ಗಾಳಿ ತುಂಬಿದರೆ ಗಾಲಿ ಹಿಡಿಯುತ್ತಿತ್ತು, ಕೊಳವೆ ಒಡೆದರೆ ಬ್ರೇಕೇ ಇರುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅವನೇ ಅದನ್ನು ತಲೆಕೆಳಗು ಮಾಡಿ, ಗಾಳಿ ಹೋದರೆ ಗಾಲಿ ಹಿಡಿಯುವಂತೆ ಮಾಡಿದನು. ಅಲ್ಲಿಂದ 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಬಂದ ರೈಲು, ರೈಲಿನ ಸರಪಳಿ, ಸರಪಳಿ ಎಳೆದವರ ದಂಡ, ದಂಡ ತೆತ್ತ ತಮ್ಮ ಸೋದರಮಾವ, ಇಷ್ಟೂ ಬಂದು ಹೋಗುವ ಹೊತ್ತಿಗೆ ಅಂದಿನ ಕಾಫಿ ಆರಿತ್ತು.

ಚಳಿಗಾಲದಲ್ಲಿ ದುರ್ಗಿಗುಡಿಯ ಬೆಳಗಿನ ಏಳು ಗಂಟೆಯೆಂದರೆ ಡೆನ್ವರಿನಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಮಗನು ಕಛೇರಿಯಿಂದ ಬಂದು ಬೂಟು ಬಿಚ್ಚುವುದಕ್ಕೂ, ರಾಯರು ಸಂಧ್ಯಾವಂದನೆ ಮುಗಿಸಿ ತಃಖ್ತೆ ಬಿಚ್ಚುವುದಕ್ಕೂ ಸರಿಹೋಗುತ್ತಿತ್ತು. ಡೆನ್ವರಿನ ಪಶ್ಚಿಮಕ್ಕೆ ಹೆದ್ದಾರಿಯು 11,000 ಅಡಿಗಳಿಗೂ ಮೇಲೆ ಐಸನ್‌ಹೋವರ್ ಸುರಂಗವನ್ನು ಹೊಕ್ಕು ಹೊರಟು ಇಳಿಯುತ್ತದೆಂದೂ, ಬ್ರೇಕು ಕಾದು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದೇ ಅಲ್ಲಿ ದಾರಿಯ ಬದಿಗೆ ಸಡಿಲವಾದ ಜಲ್ಲಿ ತುಂಬಿದ ಏರುದಾರಿಗಳನ್ನು ಮಾಡಿಟ್ಟಿದ್ದಾರೆಂದೂ ಮಗನು ಬಾಯಿತಪ್ಪಿ ಹೇಳಿಬಿಟ್ಟನು. ಅಂದಿನಿಂದ ರಾಯರಿಗೆ ನಿದ್ರೆ ಇಲ್ಲ. ಜಗತ್ತಿನ ಇಳಿಜಾರುಗಳನ್ನೆಲ್ಲ ಆಗುಂಬೆಯಿಂದ ಅಳೆಯುವವರು ಅವರು. ಒಂದು ಭಾನುವಾರ ನನ್ನನ್ನು ಹೊರಡಿಸಿ, ತೀರ್ಥಹಳ್ಳಿಯ ಮೇಲೆ ಹೋಗಿ, ಆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಸೋಮೇಶ್ವರದವರೆಗೆ ಇಳಿಸಿ, ಮತ್ತೆ ಹತ್ತಿಸಿದರು. ‘ಹತ್ತುವ ಗೇರಿನಲ್ಲೇ ಇಳಿಯತಕ್ಕದ್ದು’ ಎಂಬ ಡ್ರೈವರುಗಳ ಹಳೆಯ ಸೂತ್ರದಂತೆ ನಾನು ಎರಡನೆಯ ಗೇರಿನಲ್ಲಿಯೇ, ಬ್ರೇಕನ್ನು ಹೆಚ್ಚು ಮುಟ್ಟದೆ ಇಳಿಯುತ್ತಿದ್ದೆ. ಮುಟ್ಟುವ ಅಗತ್ಯವೂ ಇರಲಿಲ್ಲ. ಎಡಗಡೆಯಿಂದ ಆ ಕೆಲಸ ಅವ್ಯಾಹತವಾಗಿ ನಡೆದಿತ್ತು. ಕೆಳಗೆ ಇಳಿದಾಗ ನನ್ನ ಕಾಲು ಸ್ವಸ್ಥವಾಗಿತ್ತು, ರಾಯರ ಮೀನಖಂಡ ಹಿಡಿದುಕೊಂಡಿತ್ತು.

ಮಾರನೆಯ ದಿನ ತಜ್ಞಾಭಿಪ್ರಾಯಕ್ಕೆಂದು ಆಟೋ ಕಾಂಪ್ಲೆಕ್ಸಿಗೆ ಪ್ರಯಾಣ. ಲಾರಿಯೊಂದರ ಅಡಿಯಲ್ಲಿ ಅಂಗಾತ ಮಲಗಿದ್ದ ಮೇಸ್ತ್ರಿಯು, ಅರ್ಧ ಗಂಟೆಯ ಕಾಲ ನಾಲ್ಕು ಕಲಮುಗಳ ಪಾರಾಯಣವನ್ನು ಮಲಗಿದಲ್ಲಿಂದಲೇ ಕೇಳಿ, ಕೊನೆಗೆ ಮುಖವನ್ನಷ್ಟೇ ಹೊರಗೆ ಹಾಕಿದನು. ಹಣೆಯ ಮೇಲೆ ಗ್ರೀಸಿನ ಒಂದು ಅಡ್ಡನಾಮವಿತ್ತು.

“ಅಲ್ಲ ಸ್ವಾಮಿ, ಇಷ್ಟೆಲ್ಲ ಯಾಕೆ? ಹಿಂದಿನ ಕಾರಲ್ಲಿ ಒಬ್ಬ ಹುಡುಗನ್ನ ಕೂರ್ಸಿದ್ರೆ ಆಗಲ್ವಾ?”

“ಅಲ್ಲಿ ಹುಡುಗರು ಸಿಗಲ್ಲಪ್ಪ.”

“ಹಂಗಾದ್ರೆ ನೀವೇ ಹೋಗಿ ಕೂತ್ಕಳಿ” ಎಂದು ಮೇಸ್ತ್ರಿ ಮತ್ತೆ ಲಾರಿಯ ಗರ್ಭಕ್ಕೆ ಸರಿದನು. ಇದು ಕುಚೋದ್ಯವೋ ಹಿತವಚನವೋ ನಾನು ಅರಿಯೆ. ರಾಯರು ಮಾತ್ರ ಹಿಂದಿರುಗುವಾಗ ದಾರಿಯ ಉದ್ದಕ್ಕೂ ಮೌನವಾಗಿದ್ದರು. ಒಂದು ಸಲ, “ವೀಸಾ ಇನ್ನೂ ಇದೆ” ಎಂದರು.

ಆಷಾಢ ಬಂದಿತು. ತಃಖ್ತೆ ಹನ್ನೊಂದು ಕಲಮುಗಳಿಗೆ ಬೆಳೆದು, ಎರಡು ಹಾಳೆಗಳನ್ನು ಗೋಂದಿನಿಂದ ಅಂಟಿಸಬೇಕಾಗಿ ಬಂದಿತ್ತು. ಬೆಲೆಯ ಕಲಮಿನಲ್ಲಿ ಡಾಲರು ಏರಿದಂತೆಲ್ಲ ಹಳೆಯ ಅಂಕಿ ಹೊಡೆದು ಹೊಸ ಅಂಕಿ ಬರೆದು, ಆ ಜಾಗದಲ್ಲಿ ಕಾಗದ ತೂತಾಗಿತ್ತು. ಅಂತೂ ಒಂದು ಶುಭಪ್ರಾತಃಕಾಲದಲ್ಲಿ ರಾಯರು ನನ್ನನ್ನು ಸಾಕ್ಷಿಯಾಗಿ ಕೂರಿಸಿಕೊಂಡು ಫೋನು ಹಚ್ಚಿ, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಅಂತಿಮ ತುಲನೆ ಮಾತ್ರ ಬಾಕಿಯೆಂದು ಗಂಭೀರವಾಗಿ ನಿವೇದಿಸಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಅನಂತರ ಮಗನು ಮೆಲ್ಲಗೆ, “ಅಪ್ಪ, ಏಪ್ರಿಲ್‌ನಲ್ಲೇ ಹಾಕ್ಸಿಬಿಟ್ಟೆ. ಹೋದ ತಿಂಗಳು ಯೂಟಾಕ್ಕೆ ಹೋಗಿ ಆ ಕಲ್ಲಿನ ಕಮಾನುಗಳನ್ನೆಲ್ಲ ನೋಡ್ಕೊಂಡೂ ಬಂದ್ವಿ” ಎಂದನು.

ರಾಯರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. “ಯಾವುದು ಹಾಕ್ಸಿದೆ?” ಎಂದರು. ಅಂಗಡಿಯವನು ಹೇಳಿದ್ದನ್ನು ಹಾಕಿಸಿದೆನೆಂದು ಮಗನು ಹೇಳಿದನು. ಹೆಸರು ಅವನಿಗೆ ಕೂಡಲೇ ನೆನಪಾಗಲಿಲ್ಲ.

“ಇಳಿಜಾರಲ್ಲಿ ಹಿಡೀತಾ?”

“ಹಿಡೀತಪ್ಪ.”

“ಸರಿ. ಗ್ಯಾರಂಟಿ ಕಾಗದ ಜೋಪಾನವಾಗಿ ಇಟ್ಕೋ” ಎಂದು ಫೋನಿಟ್ಟು, ತಃಖ್ತೆಯನ್ನು ನಾಲ್ಕಾಗಿ ಮಡಿಸಿ, ಮಿಕ್ಸಿಯ ತಃಖ್ತೆಯಿದ್ದ ಡ್ರಾಯರಿಗೆ ಸೇರಿಸಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ಸೈಕಲ್ಲನ್ನು ಅಂಗಳದಿಂದ ಹೊರಡಿಸಿದರು. ನೆಹರೂ ರಸ್ತೆಗೆ ಕೂಡುವಲ್ಲಿ ಎದುರಿಗೆ ಒಂದು ಆಟೋರಿಕ್ಷ ಅಡ್ಡ ಬಂದಿತು. ರಾಯರು ಬಲಗಾಲನ್ನು ಪೆಡಲಿನಿಂದ ಇಳಿಸಿ, ಚಪ್ಪಲಿಯನ್ನು ರಸ್ತೆಗೆ ಒತ್ತಿ, ಮಾರುದ್ದ ಉಜ್ಜಿಕೊಂಡು ಹೋಗಿ ನಿಂತರು. ಚಪ್ಪಲಿಯ ಉಂಗುಷ್ಠ ಕಿತ್ತುಬಂದಿತು. ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಅಜ್ಜ ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಇನ್ನೊಂದನ್ನೂ ಕೇಳಿ ಇಸಿದುಕೊಂಡು, ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದನು.

“ಎಡಗಾಲಿಂದು ಹೊಸದ್ರಂಗೇ ಐತೆ ಸ್ವಾಮಿ. ಬಲಗಾಲಿಂದ್ಯಾಕೆ ಹಿಂಗ್ ಸವದೈತೆ?”

“ಸೈಕಲ್ಲಿಗೆ ಬ್ರೇಕ್ ರಬ್ಬರು ಹಾಕಿಸ್ಬೇಕಪ್ಪ. ಎರಡು ಥರದ್ದು ಬಂದಿದೆ” ಎಂದರು ರಾಯರು. “ನೋಡ್ತಾ ಇದೀನಿ.”