ನಾನು ಟಿಎ, ಅಂದರೆ…

ಲಂಡನ್ನಿನಲ್ಲಿ ಡಾಕ್ಟರು ಅಂತ ಹೇಳಿಕೊಂಡರೆ ಅಲ್ಲಿಗೆ ಮಾತು ಮುಗಿಯಿತು. ಇನ್ಫೋಸಿಸ್ ಅಂದರೆ "ಆನ್‌ಸೈಟಾ?" ಅನ್ನುವ ಒಂದೇ ಪ್ರಶ್ನೆ. ಆದರೆ ಕಂಪ್ಯೂಟರ್ ಸೈನ್ಸ್ ಟಿಎ ಅಂತ ಬಾಯಿ ಬಿಟ್ಟಿರೋ, ಅದು ಪರಿಚಯವಲ್ಲ, ವೈವಾ.

ಬೇಕಾದರೆ ಹ್ಯಾರೋ ಕಡೆಯ ಯಾವುದಾದರೂ ಯುಗಾದಿ ಊಟಕ್ಕೆ ಹೋಗಿ ನೋಡಿ. ಪುಳಿಯೋಗರೆ ಬಡಿಸುವ ಆಂಟಿ ಸೌಟು ಎತ್ತಿ ಹಿಡಿದೇ ಕೇಳುತ್ತಾರೆ:

"ಏನ್ ಮಾಡ್ಕೊಂಡಿದೀಯಪ್ಪಾ?"

"ಪಿಎಚ್‌ಡಿ ಮಾಡ್ತಿದೀನಿ ಆಂಟಿ. ಜೊತೆಗೆ ಟೀಚಿಂಗ್ ಅಸಿಸ್ಟೆಂಟು."

"ಓ, ನಮ್ಮ ಚಿಂಟು ಸ್ಕೂಲಲ್ಲೂ ಒಬ್ರಿದಾರೆ. ಮಕ್ಕಳ ಕೋಟಿಗೆ ಗುಂಡಿ ಹಾಕಿ, ಮೂಗು ಒರೆಸಿ ಕಳಿಸ್ತಾರೆ. ಪಾಪ, ಎಷ್ಟು ತಾಳ್ಮೆ!"

ಆಂಟಿಯದೇನೂ ತಪ್ಪಿಲ್ಲ. ಇಂಗ್ಲೆಂಡಿನಲ್ಲಿ ಆ ಕೆಲಸದವರು ಜನರಿಗೆ ಮೊದಲು ಕಾಣುವುದೇ ಪ್ರೈಮರಿ ಶಾಲೆಯಲ್ಲಿ. "ನಾನು ಯೂನಿವರ್ಸಿಟೀಲಿ ಆಂಟಿ" ಅಂದಿರೋ, ಇನ್ನೂ ಕಷ್ಟ. "ಹಂಗಾದ್ರೆ ಚಿಂಟುಗೆ ಇಲೆವೆನ್ ಪ್ಲಸ್‌ಗೆ ಸ್ವಲ್ಪ ಹೇಳ್ಕೊಡು. ಶನಿವಾರ ಬಂದ್ಬಿಡು, ಊಟ ಇಲ್ಲೇ." ಆ ಪರೀಕ್ಷೆಯಿಂದ ಸಿಗುವ ಗ್ರಾಮರ್ ಶಾಲೆಯ ಸೀಟಿಗಾಗಿ ಇಲ್ಲಿನ ಅಪ್ಪ ಅಮ್ಮ ಪಡುವ ಪಾಡನ್ನು ಸಿಇಟಿ ಕಂಡ ನಿಮಗೆ ನಾನೇನು ಬಿಡಿಸಿ ಹೇಳಲಿ?

ಅಷ್ಟರಲ್ಲಿ ಪಕ್ಕದ ಎಲೆಯ ಅಂಕಲ್ ಸಂಬಳಕ್ಕೆ ಬಂದಿರುತ್ತಾರೆ. ಗಂಟೆ ಲೆಕ್ಕ ಅಂದರೆ ಹುಬ್ಬು ಏರುತ್ತದೆ. ಸ್ಟೂಡೆಂಟ್ ವೀಸಾದವರು ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವ ಹಾಗಿಲ್ಲ ಅಂದರೆ ಇಳಿಯುತ್ತದೆ, ಮರುಕದಿಂದ. "ಪರವಾಗಿಲ್ಲ ಬಿಡು, ಮುಂದೆ ಒಳ್ಳೆ ಕೆಲಸ ಸಿಗುತ್ತೆ."

ಇಂಥ ಹೊತ್ತಿಗೆ ಬೇಕಾಗುತ್ತದೆ ಅಂತಲೇ ನಾವು ಟಿಎಗಳು ಕಾಲೇಜಿನ ಕೀರ್ತಿಯನ್ನು ಕೈಗಡ ತಂದಿಟ್ಟುಕೊಂಡಿರುತ್ತೇವೆ. ಮೈಲ್ ಎಂಡಿನ ಕ್ವೀನ್ ಮೇರಿ ಯೂನಿವರ್ಸಿಟಿಯವರು ಪ್ರೋಗ್ರಾಮಿಂಗ್ ಭಾಷೆಗಳ ಪಂಡಿತ ಪೀಟರ್ ಲ್ಯಾಂಡಿನ್ ಹೆಸರಿನ ಕಟ್ಟಡ ತೋರಿಸುತ್ತಾರೆ. ಗೋವರ್ ಸ್ಟ್ರೀಟಿನ ಯುಸಿಎಲ್‌ನವರ ಹತ್ತಿರ ಇನ್ನೊಬ್ಬ ಪೀಟರ್ ಹೆಸರಿದೆ, ಕರ್ಸ್ಟೈನ್. 1973ರಲ್ಲಿ, ಇಂಟರ್ನೆಟ್ಟಿನ ಮುತ್ತಜ್ಜ ಅನ್ನಬಹುದಾದ ಅಮೆರಿಕದ ಆರ್ಪಾನೆಟ್ಟಿಗೆ ಲಂಡನ್ನನ್ನು ಜೋಡಿಸಿದವರು. 1976ರಲ್ಲಿ ರಾಣಿ ಎಲಿಜಬೆತ್ ಇಮೇಲ್ ಕಳಿಸಿದ್ದೂ ಅವರ ಏರ್ಪಾಟಿನಲ್ಲೇ. ಇಷ್ಟೆಲ್ಲ ಊದಿದ ಮೇಲೆ ಅಂಕಲ್ ಕೇಳುತ್ತಾರೆ: "ಭೇಷ್! ಆವಾಗ ನೀನೂ ಅಲ್ಲೇ ಇದ್ಯಾ?"

ಯುಸಿಎಲ್‌ನಲ್ಲಿ ಈ ಗೋಳಿಲ್ಲದವರು ಒಬ್ಬರೇ, ತತ್ವಜ್ಞಾನಿ ಜೆರೆಮಿ ಬೆಂಥಾಮ್. 1832ರಲ್ಲೇ ತೀರಿಕೊಂಡವರು, ತಾವೇ ಬರೆದಿಟ್ಟ ಉಯಿಲಿನಂತೆ ತಮ್ಮದೇ ಬಟ್ಟೆ ತೊಟ್ಟು, ತಲೆ ಮಾತ್ರ ಮೇಣದ್ದಾಗಿ, ಗಾಜಿನ ಪೆಟ್ಟಿಗೆಯಲ್ಲಿ ಠೀವಿಯಿಂದ ಕೂತಿದ್ದಾರೆ. ಸಂಬಳ ಎಷ್ಟು ಅಂತ ಅವರನ್ನು ಯಾರೂ ಕೇಳುವುದಿಲ್ಲ.

ಲ್ಯಾಬಿನೊಳಗೆ ಯುಗಾದಿ ಊಟದ ಈ ವಿಚಾರಣೆಯ ತದ್ವಿರುದ್ಧ. "ನಾನು ನಿಮ್ಮ ಟಿಎ" ಅಂತ ಹಲ್ಲು ಕಿರಿದು ನಿಂತರೂ ಒಂದು ಕತ್ತು ಎದ್ದರೆ ಕೇಳಿ! ಎಲ್ಲರ ಕಿವಿಗೂ ಹೆಡ್‌ಫೋನು. ಪೈಥಾನ್ ಕೈಕೊಟ್ಟಾಗ ಮಾತ್ರ ಒಂದು ಕೈ ಮೇಲೇಳುತ್ತದೆ. "ನಾನೇನೂ ಮುಟ್ಟಿಲ್ಲ, ನಿನ್ನೆ ಸರಿಯಾಗೇ ಇತ್ತು." ಯಾವ ದೇಶದಿಂದ ಬಂದ ವಿದ್ಯಾರ್ಥಿಯಾದರೂ ಈ ಮಾತೊಂದನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾನೆ.

ಬಗ್ಗಿ ನೋಡಿದರೆ, ಲೂಪಿನ ಹೊರಗಿರಬೇಕಾದ ರಿಟರ್ನ್ ನಾಲ್ಕು ಸ್ಪೇಸ್ ಒಳಗೆ ಕೂತಿದೆ. ಪಟ್ಟಿಯಲ್ಲಿ ಹತ್ತು ಅಂಕಿಗಳಿದ್ದರೂ ಮೊದಲನೆಯದನ್ನು ಮೂಸಿ ಪ್ರೋಗ್ರಾಂ ಮನೆಗೆ ಹೊರಟುಬಿಡುತ್ತದೆ. ನನಗೆ ಕಂಡಿತು, ಹೇಳುವಂತಿಲ್ಲ. ಕೈ ತುರಿಸುತ್ತದೆ, ಕೀಬೋರ್ಡು ಮುಟ್ಟುವಂತಿಲ್ಲ. "ಒಂದೊಂದೇ ಸಾಲು ಏನು ಮಾಡುತ್ತೆ, ನನಗೆ ಹೇಳಿ" ಅನ್ನುತ್ತೇನೆ. ಹುಡುಗ ಗೊಣಗುತ್ತ ಶುರುಮಾಡಿ, ಮೂರನೇ ಸಾಲಿಗೆ ಬಂದು ಗಕ್ಕನೆ ನಿಂತು, "ಓ!" ಅನ್ನುತ್ತಾನೆ. ನಾಲ್ಕು ಸ್ಪೇಸ್ ಅಳಿಸುತ್ತಾನೆ. ಹೆಡ್‌ಫೋನು ಮತ್ತೆ ಕಿವಿಗೆ.

ನಾನು ಮಾಡಿದ್ದೇನು? ಏನೂ ಇಲ್ಲ. ಆ ಏನೂ ಇಲ್ಲಕ್ಕೇ ಗಂಟೆ ಲೆಕ್ಕದಲ್ಲಿ ಸಂಬಳ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಉದ್ಯೋಗ ಅಂತ ನಮ್ಮವರ ಮುಂದೆ ಹೇಗೆ ಹೇಳಿಕೊಳ್ಳಲಿ ಸ್ವಾಮಿ? ನಮ್ಮ ಸಭೆಗಳಲ್ಲಿ ಉತ್ತರ ಗೊತ್ತಿಲ್ಲದೆಯೂ ಮುಕ್ಕಾಲು ಗಂಟೆ ಮೈಕು ಬಿಡದವರಿಗೆ ಅಲ್ಲವೇ ಶಾಲು, ಹಾರ, ಫಲತಾಂಬೂಲ?