ಡಬ್ಬವೋ, ಮಡಚುವುದೋ?

ಮನೆಗೊಂದು ಕಂಪ್ಯೂಟರ್ ತರೋಣ ಅಂದದ್ದೇ ತಡ, ಮೂವರಿದ್ದ ಮನೆಯಲ್ಲಿ ಮೂರು ಪಕ್ಷ. ಮಗನಿಗೆ ಲ್ಯಾಪ್‌ಟಾಪ್ ಬೇಕು. ಕರೆಂಟ್ ಹೋದರೂ ಓಡುತ್ತಂತೆ. ರಗ್ಗಿನೊಳಗೂ ಒಯ್ಯಬಹುದು ಅನ್ನೋದನ್ನ ಅವನು ಹೇಳಲಿಲ್ಲ. ನನ್ನ ಓಟು ಡೆಸ್ಕ್‌ಟಾಪಿಗೆ. ರ‍್ಯಾಮ್ ಸಾಲದಿದ್ದರೆ ಪಕ್ಕದ ಮುಚ್ಚಳ ಬಿಚ್ಚಿ ಇನ್ನೊಂದು ಸಿಕ್ಕಿಸಿದರಾಯಿತು. ಇವಳಿಗೆ ಆಲ್-ಇನ್-ಒನ್ನೇ ಆಗಬೇಕು. "ನಿಮ್ಮ ಡಬ್ಬದ ಹಿಂದೆ ಜೋತಾಡೋ ವೈರುಗಳ ಧೂಳು ಯಾರ್ರೀ ಹೊಡೆಯೋದು?"

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಆ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸೋಕೆ ಜಾಗ ಹುಡುಕುವುದಕ್ಕಿಂತ ಕಂಪ್ಯೂಟರ್ ಆರಿಸುವುದೇ ಸಲೀಸು. ಅಂಗಡಿ ಹುಡುಗ ಆಲ್-ಇನ್-ಒನ್ ಬೆನ್ನು ತಟ್ಟಿ, "ಎಲ್ಲಾ ಸ್ಕ್ರೀನ್ ಹಿಂದೇನೇ ಇದೆ ಸಾರ್" ಅಂದ. ಸ್ಕ್ರೀನ್ ಕೆಟ್ಟರೆ? "ಪೂರ್ತಿ ಕೊಟ್ಟುಬಿಡಿ ಸಾರ್, ರಿಪೇರಿಗೆ." ಕೂಡು ಕುಟುಂಬದ ಹಾಗೆ, ಒಬ್ಬರಿಗೆ ಜ್ವರ ಬಂದರೆ ಮನೆಮಂದಿಯೆಲ್ಲ ಮಲಗಬೇಕು. 1998ರಲ್ಲಿ ಇಂಥದ್ದೇ ಆಲ್-ಇನ್-ಒನ್ ಆದ ಆಪಲ್ ಕಂಪನಿಯ ಐಮ್ಯಾಕ್ ಬಂದಾಗ ಅದರ ನೀಲಿ ಬಣ್ಣಕ್ಕೆ ನಾನೂ ಮರುಳಾಗಿದ್ದೆ, ಅದು ಬೇರೆ ಮಾತು.

ಕೊನೆಗೆ ಡೆಸ್ಕ್‌ಟಾಪೇ ಬಂತು, ಕರೆಂಟ್ ಹೋದಾಗಲೆಲ್ಲ ಕುಂಯ್‌ಗುಡುವ ಯುಪಿಎಸ್ ಸಮೇತ. ಈಗ ಡಬ್ಬದ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಚನ್ನಪಟ್ಟಣದ ಗೊಂಬೆ. ಹಿಂದೆ, ಫ್ಯಾನಿನ ಬಿಸಿಗಾಳಿ ಬರುವ ಕಡೆ, ಮಗನ ಒದ್ದೆ ಸಾಕ್ಸು.